ಅಣ್ಣನ ಜೋಡಿ ಸೈಕಲ್ಲು

ಕಳೆದ ವಾರ ಚಳ್ಳಕೆರೆಯ ಮಾರುಕಟ್ಟೆಗೆ ಹೀರೇಕಾಯಿ ತರಲು ಹೋದವನು ಹೀರೇಕಾಯಿ ಇಲ್ಲದೆ ಮನೆಗೆ ಬಂದೆ. ತಪ್ಪು ನನ್ನದಲ್ಲ, ಒಂದು ಸೈಕಲ್ಲಿನದು. ಬಾಚಣಿಗೆ, ಪಿನ್ನು, ಕೈಗನ್ನಡಿ ಮಾರುವ ಮುದುಕರೊಬ್ಬರು ತಮ್ಮ ಸೈಕಲ್ಲಿಗೆ ಹ್ಯಾಂಡಲ್ಲಿನಿಂದ ಹಿಂದಿನ ಕ್ಯಾರಿಯರ್ ತನಕ ಅಂಗೈಯಷ್ಟೂ ಜಾಗ ಬಿಡದೆ ಕನ್ನಡಿ ಕಟ್ಟಿದ್ದರು. ದುಂಡನೆಯವು, ಚೌಕನೆಯವು, ಮೂಲೆ ಒಡೆದವು. ಅದರ ಮುಂದೆ ನಿಂತರೆ ಒಬ್ಬ ಮನುಷ್ಯ ಇಪ್ಪತ್ತು ಮೂವತ್ತು ಜನ ಆಗುತ್ತಿದ್ದ. ನಾನು ನಿಂತೆ. ಇಪ್ಪತ್ತು ಮೂವತ್ತು ಬಕ್ಕತಲೆಗಳು ನನ್ನನ್ನು ನೋಡಿದವು. ಮುದುಕರು "ಕಂಗಿ ಹೋನಾ ಸಾಬ್?" ಎಂದು ಬಾಚಣಿಗೆಯೊಂದನ್ನು ಎತ್ತಿ ಹಿಡಿದರು, ಆಮೇಲೆ ನನ್ನ ತಲೆ ನೋಡಿ ತಾವೇ ಕೆಳಗಿಟ್ಟರು.

"ಈ ಸಲ ಎಂಥ ಸೈಕಲ್ಲು?" ಎಂದಳು ನನ್ನ ಹೆಂಡತಿ ಸರೋಜ, ಖಾಲಿ ಚೀಲವನ್ನು ನೋಡಿ. ಇಪ್ಪತ್ತೈದು ವರ್ಷ ಸಂಸಾರ ಮಾಡಿದವಳಿಗೆ ಬೇರೆ ಕಾರಣ ಹೊಳೆಯುವುದೇ ಇಲ್ಲ.

ನಿಜ, ನನಗೆ ಈ ಚಟವಿದೆ. ಕೆಲವರು ಬಿದ್ದ ನಾಣ್ಯ ನೋಡುತ್ತಾ ನಡೆಯುತ್ತಾರೆ, ಕೆಲವರು ಬೇರೆಯವರ ಮನೆಯ ಕಿಟಕಿ ನೋಡುತ್ತಾ ನಡೆಯುತ್ತಾರೆ. ನಾನು ಸೈಕಲ್ ನೋಡುತ್ತೇನೆ. ಅಂಗಡಿಯಿಂದ ಬಂದ ಹಾಗೇ ಇರುವ ಸೈಕಲ್ಲಲ್ಲ, ಯಾರೋ ತಮ್ಮ ಕೆಲಸಕ್ಕೋ ಹುಚ್ಚಿಗೋ ತಕ್ಕಂತೆ ತಿದ್ದಿಕೊಂಡ ಸೈಕಲ್ಲು. ಹಳೇ ಕಾರಿನ ಸ್ಟೇರಿಂಗ್ ಹಾಕಿಸಿಕೊಂಡು ತಿರುವಿನಲ್ಲಿ ಲಾರಿ ಡ್ರೈವರನ ಹಾಗೆ ಎರಡೂ ಕೈ ತಿರುಗಿಸುವವನನ್ನು ದೇವಸಮುದ್ರದಲ್ಲಿ ನೋಡಿದ್ದೇನೆ. ಎರಡು ಬುಟ್ಟಿಗಳಲ್ಲಿ ನಾಲ್ಕು ಕುರಿಮರಿಗಳನ್ನು ಕೂರಿಸಿಕೊಂಡು, ಅವು ತಲೆ ಹೊರಗಿಟ್ಟು ಊರು ನೋಡುತ್ತಿರಲು, ತಾನು ಮಾತ್ರ ಇಳಿದು ನೂಕಿಕೊಂಡು ಹೋಗುವವನನ್ನು ನೋಡಿದ್ದೇನೆ.

ಈ ಚಟ ನನಗೆ ಅಂಟಿದ್ದು ನನ್ನ ಅಣ್ಣನಿಂದ. ಅಣ್ಣನ ಹೆಸರು ಬೋರಯ್ಯ. ಮೊಳಕಾಲ್ಮೂರಿನಲ್ಲಿ ಬೇವಿನ ಮರದ ಕೆಳಗೆ ಅವನ ಸೈಕಲ್ ಅಂಗಡಿ. ಪಂಕ್ಚರ್ ಹಾಕಿ ಹೊಟ್ಟೆ ಹೊರೆಯುತ್ತಿದ್ದವನು. ಆದರೆ ಅವನ ಮನಸ್ಸಿದ್ದದ್ದು ಪಂಕ್ಚರಿನಲ್ಲಲ್ಲ. ಯಾರಾದರೂ ಬಂದು "ಬೋರಣ್ಣ, ನನ್ನ ಕೆಲಸ ಹಿಂಗೈತೆ, ಅದಕ್ಕೊಂದು ಸೈಕಲ್ ಆಗ್ತದಾ?" ಅಂದರೆ ಕಣ್ಣರಳುತ್ತಿತ್ತು. ಚಾಕು ಸಾಣೆ ಹಿಡಿಯುವವನಿಗೆ, ಸ್ಟ್ಯಾಂಡು ಹಾಕಿ ತುಳಿದರೆ ಸಾಣೆಕಲ್ಲು ತಿರುಗುವಂಥದು. ಸೀರೆ ನೇಯುವವರಿಗೆ, ಮಗ್ಗದ ಹಾಸುನೂಲು ಸುತ್ತಿದ ಉದ್ದನೆಯ ಉರುಳೆಯನ್ನು ಮಗುವಿನಂತೆ ಮಲಗಿಸಿ ಒಯ್ಯಲು ತೊಟ್ಟಿಲಿರುವಂಥದು. ಗೋಡೆಗಳ ಮೇಲೆ ಜಾಹೀರಾತು ಬರೆಯುವ ಪೇಂಟರೊಬ್ಬನಿಗೆ ಒಂದರ ಮೇಲೊಂದು ಚೌಕಟ್ಟು ಕೂರಿಸಿ ಮಾಳಿಗೆ ಸೈಕಲ್ ಮಾಡಿಕೊಟ್ಟಿದ್ದ. ಅವನು ಅದನ್ನು ಗೋಡೆಗೆ ಒರಗಿಸಿ, ಮೇಲಿನ ಸೀಟಿನಲ್ಲಿ ಕೂತು, ಏಣಿಯ ಹಂಗಿಲ್ಲದೆ ಬರೆಯುತ್ತಿದ್ದ. ಇಳಿಯುವಾಗ ಮಾತ್ರ ಯಾರಾದರೂ ಬರಲಿ ಎಂದು ಕಾಯಬೇಕಿತ್ತು.

ಇದನ್ನೆಲ್ಲ ಅಣ್ಣ ಒಬ್ಬನೇ ಮಾಡುತ್ತಿರಲಿಲ್ಲ. ಜೊತೆಗೆ ಗಾದ್ರಪ್ಪನಿದ್ದ. ಅಣ್ಣನದೇ ವಯಸ್ಸು, ಕಟ್ಟುಮಸ್ತು ಆಳು, ಮಾತು ಕಡಿಮೆ. ಅಣ್ಣ ಯೋಚಿಸುವವನು, ಗಾದ್ರಪ್ಪ ಬಗ್ಗಿಸುವವನು. "ಹಿಂಗ್ ಬಗ್ಗುಸ್ಲಾ ಗಾದ್ರಿ" ಅಂದರೆ ಕಬ್ಬಿಣದ ಪೈಪು ಅವನ ಕೈಯಲ್ಲಿ ಹಸಿ ಬರಲುಕಡ್ಡಿಯ ಹಾಗೆ ಬಾಗುತ್ತಿತ್ತು. ಹದಿನೆಂಟು ವರ್ಷ ಇಬ್ಬರೂ ಒಂದೇ ಬುತ್ತಿಯಲ್ಲಿ ಉಂಡರು.

ಈಗ ನನ್ನ ಕಥೆಗೆ ಬರುತ್ತೇನೆ. ನಾನು ಮೇಷ್ಟ್ರು. ಹನ್ನೆರಡು ವರ್ಷದ ಹಿಂದೆ ನನಗೆ ನಾಯಕನಹಟ್ಟಿಯಿಂದ ಒಳಗಿನ ಒಂದು ಹಳ್ಳಿಯ ಶಾಲೆಗೆ ವರ್ಗವಾಯಿತು. ಬಸ್ಸು ನಿಲ್ಲುವಲ್ಲಿಂದ ಶಾಲೆಗೆ ಮೂರು ಮೈಲಿ. ಮೋಟಾರ್ ಸೈಕಲ್ ಅಂದರೆ ನನಗೆ ಭಯ. ಈ ಭಯವನ್ನು ನಾನು ಸರಳ ಜೀವನ ಎಂದು ಕರೆದುಕೊಳ್ಳುತ್ತಿದ್ದೆ. ವಿಷಯ ತಿಳಿದ ಅಣ್ಣ ತಿಂಗಳು ಕೂತು ನನಗೊಂದು ಸೈಕಲ್ ಮಾಡಿದ. ಗಿಳಿಹಸಿರು ಬಣ್ಣ. ಬಿಸಿಲಿಗೆ ಮೇಲೊಂದು ಚಪ್ಪರ, ಬೇಡವಾದಾಗ ಮಡಚಬಹುದು. ಮಕ್ಕಳ ಪರೀಕ್ಷೆಯ ಕಾಗದ ಇಡಲು ಮುಂದೆ ಇಳಿಜಾರಿನ ಮುಚ್ಚಳದ ಪೆಟ್ಟಿಗೆ. ಸೀಮೆಸುಣ್ಣಕ್ಕೆ ಬೇರೆ ಗೂಡು. ಎರಡು ಗಂಟೆ: ಮನುಷ್ಯರಿಗೊಂದು, ದನಗಳಿಗೊಂದು. ಬೀಗ ಕೂಡ ಅವನೇ ಮಾಡಿದ್ದು. ಎರಡು ಚಾವಿ, ಒಂದು ನನಗೆ, ಇನ್ನೊಂದು ಅಂಗಡಿಯ ಮೊಳೆಗೆ.

ಅಂಥ ಸೈಕಲ್ಲನ್ನು ನಾನು ಜೀವಮಾನದಲ್ಲಿ ಇನ್ನೊಂದು ಕಂಡಿಲ್ಲ. ಅದೇ ತೊಂದರೆಯಾಯಿತು. ಬೇರೆಯವರ ವಿಚಿತ್ರ ಸೈಕಲ್ ನೋಡುವುದು ಬೇರೆ, ತಾನೇ ಅದರ ಮೇಲೆ ಕೂತು ನೋಡಿಸಿಕೊಳ್ಳುವುದು ಬೇರೆ. ಮೂರನೇ ದಿನಕ್ಕೆ ಮಕ್ಕಳು "ಮಂಟಪ ಬಂತು" ಎಂದು ಹಿಂದೆ ಓಡತೊಡಗಿದರು. ವಾರದಲ್ಲಿ ನಾನು ಮಂಟಪ ಮೇಷ್ಟ್ರಾದೆ. ಚಳ್ಳಕೆರೆಯಲ್ಲಿ ತರಬೇತಿಗೆ ಹೋದಾಗ ಸಹೋದ್ಯೋಗಿಯೊಬ್ಬ ಬಲು ಗಂಭೀರವಾಗಿ, "ಮದುವೆಗೆಲ್ಲಾ ಬಾಡಿಗೆಗೆ ಕೊಡ್ತೀರಾ ಸಾರ್?" ಎಂದು ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮರುವಾರ ನಾಯಕನಹಟ್ಟಿಯ ಗುಜರಿಯವನಿಗೆ ಸೈಕಲ್ಲನ್ನು ಕೊಟ್ಟುಬಿಟ್ಟೆ. ಅವನು ಚಪ್ಪರವನ್ನು ಕಿತ್ತು ಕಾಲಿನಲ್ಲಿ ತುಳಿದು ಮಡಚಿದ ಸದ್ದು ಕೇಳಿಸಿತು, ತಿರುಗಿ ನೋಡಲಿಲ್ಲ. ಎರಡು ತಿಂಗಳಲ್ಲಿ ಸ್ಕೂಟರ್ ಕಲಿತೆ. ನಾಚಿಕೆಯ ಮುಂದೆ ಭಯ ನಿಲ್ಲುವುದಿಲ್ಲ ಎಂದು ಆಗ ಗೊತ್ತಾಯಿತು.

ಅಣ್ಣನಿಗೆ ಏನು ಹೇಳುವುದು? ಕಳುವಾಯಿತು ಎಂದು ಹೇಳಿದೆ. ಅಂಗಡಿಯಲ್ಲಿ ಅಣ್ಣನಿದ್ದ, ಪಕ್ಕದಲ್ಲೇ ಗಾದ್ರಪ್ಪ ಚಕ್ರದ ಓರೆ ತೆಗೆಯುತ್ತಾ ಕೂತಿದ್ದ. "ಚಳ್ಳಕೆರೆ ಬಸ್ ಸ್ಟ್ಯಾಂಡಿನ ಹತ್ರ ನಿಲ್ಲಿಸಿದ್ದೆ. ಸೋಮವಾರ. ಬರೋದ್ರಾಗೆ ಇಲ್ಲ" ಎಂದೆ.

"ಬೀಗ ಒಡ್ದಿದ್ರಾ?" ಎಂದ ಅಣ್ಣ.

ಮಕ್ಕಳಿಗೆ ಪ್ರಬಂಧ ಬರೆಯುವುದನ್ನು ಹೇಳಿಕೊಡುವವನು ನಾನು. ವಿವರ ಇದ್ದರೆ ಬರವಣಿಗೆಗೆ ಜೀವ ಎಂದು ಬೋರ್ಡಿನ ಮೇಲೆ ಬರೆಸುವವನು. ಸುಳ್ಳಿಗೂ ಅದೇ ಸೂತ್ರ ಹಾಕಿದೆ. "ಇಲ್ಲಣ್ಣ. ಬೀಗ ಅಲ್ಲೇ ಕಂಬದ ಬುಡದಾಗೆ ಬಿದ್ದಿತ್ತು. ಚಾವಿ ಹಾಕಿ ತೆಗ್ದಂಗೆ ಇತ್ತು" ಎಂದು ಹೇಳಿ, ಚೀಲದಿಂದ ಬೀಗವನ್ನೂ ತೆಗೆದು ಅವನ ಕೈಗಿಟ್ಟೆ. ಗಾದ್ರಪ್ಪ ಲೊಚಗುಟ್ಟಿದ. "ಎಂಥಾ ಸೈಕಲ್ಲು ಮೇಷ್ಟ್ರೆ" ಎಂದ. ನಾನು ನನ್ನ ಸುಳ್ಳಿನ ಅಚ್ಚುಕಟ್ಟನ್ನು ಒಳಗೊಳಗೇ ಮೆಚ್ಚಿಕೊಂಡು ಬಸ್ ಹತ್ತಿದೆ.

ಅದಾದ ಮೇಲೆ ಅಣ್ಣ ನನ್ನ ಮನೆಗೆ ಬರಲಿಲ್ಲ. ನಾನು ಅವನ ಮನೆಗೆ ಹೋದರೆ ಮಾತಿಲ್ಲ. ವರ್ಷದ ಮೇಲೆ ನೆಂಟರ ಮದುವೆಯೊಂದರಲ್ಲಿ ಅತ್ತಿಗೆ ಮಾರಕ್ಕ ನನ್ನನ್ನು ಕಂಬದ ಮರೆಗೆ ಕರೆದು, "ನಿನ್ ಸೈಕಲ್ಲಿನ ಪೈಪು ಗುಜರಿಯೋನು ನಮ್ಮಂಗಡಿಗೇ ಮಾರಾಕೆ ತಂದಿದ್ದ ತಿಪ್ಪೇಶಿ. ಹಸ್ರು ಬಣ್ಣ ಹಂಗೇ ಇತ್ತು" ಎಂದಳು. ಅಷ್ಟೇ ಹೇಳಿ ಹೋದಳು.

ಆಗಲಾದರೂ ಹೋಗಿ ಕಾಲು ಹಿಡಿಯಬಹುದಿತ್ತು. ಬದಲಿಗೆ ನನಗೆ ಸಿಟ್ಟು ಬಂತು. ಒಂದು ಸೈಕಲ್ಲಿಗಾಗಿ ತಮ್ಮನನ್ನು ಬಿಡುವವನು ಎಂಥ ಅಣ್ಣ ಎಂದುಕೊಂಡೆ. ಈ ವಾದವನ್ನು ವರ್ಷಗಟ್ಟಲೆ ನನ್ನೊಳಗೇ ಮಂಡಿಸಿ ಪ್ರತಿ ಸಲವೂ ಗೆದ್ದೆ. ಮದುವೆ ಮುಂಜಿಗಳಲ್ಲಿ ನಾವಿಬ್ಬರೂ ಒಂದೇ ಸಾಲಿನಲ್ಲಿ ಉಣ್ಣುತ್ತಿದ್ದೆವು, ನಡುವೆ ಯಾರಾದರೊಬ್ಬರು ಕೂತಿರುತ್ತಿದ್ದರು. ಅಣ್ಣನ ಕನ್ನಡಕದ ಗಾಜು ಸಲದಿಂದ ಸಲಕ್ಕೆ ದಪ್ಪವಾಗುತ್ತಿದ್ದುದನ್ನು ನೋಡಿದ್ದೆ. ಕೇಳಲಿಲ್ಲ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಅತ್ತಿಗೆಯ ಫೋನು ಬಂತು.

"ನಿಮ್ಮಣ್ಣಂಗೆ ಕಣ್ಣು ಪೂರ್ತಿ ಹೋಗೈತೆ" ಎಂದಳು. "ಬೆಸುಗೆ ಬೆಳಕು ಅರ್ಧ ತಿಂತು, ಸಕ್ರೆ ಕಾಯ್ಲೆ ಅರ್ಧ ತಿಂತು. ದೊಡ್ಡಾಸ್ಪತ್ರೇಲಿ ಇನ್ನೇನೂ ಆಗಾಕಿಲ್ಲ ಅಂದ್ರು. ಅವ್ರು ನಿನ್ನ ಕರ್ದಿಲ್ಲ, ನಾನು ಕರೀತಿದೀನಿ. ಒಂದು ಸೈಕಲ್ ಮಾಡ್ಕೊಂಡು ಕುಂತವ್ರೆ. ಮುಂದೆ ಕೂರೋರಿಲ್ಲ."

ಭಾನುವಾರ ಬೆಳಗ್ಗೆ ಮೊದಲ ಬಸ್ಸಿಗೆ ಹೋದೆ. ಬೇವಿನ ಮರದ ಕೆಳಗೆ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಮುಂದೆ ನಿಂತಿದ್ದುದನ್ನು ನೋಡಿ ನಾನೂ ನಿಂತೆ. ಎರಡು ಹಳೇ ಸೈಕಲ್ಲುಗಳನ್ನು ಒಂದರ ಹಿಂದೊಂದು ಸೇರಿಸಿ ಮಾಡಿದ ಒಂದೇ ಉದ್ದನೆಯ ಸೈಕಲ್ಲು. ಎರಡು ಸೀಟು, ಎರಡು ಜೊತೆ ಪೆಡಲ್ಲು, ಎರಡು ಚೈನು. ಹಿಂದಿನ ಹ್ಯಾಂಡಲ್ಲು ಹಿಡಿದುಕೊಳ್ಳಲು ಮಾತ್ರ, ತಿರುಗುವುದಿಲ್ಲ. ತಿರುಗಿಸುವುದು, ನಿಲ್ಲಿಸುವುದು ಎಲ್ಲ ಮುಂದೆ ಕೂತವನ ಕೈಯಲ್ಲಿ. ಇಡೀ ಸೈಕಲ್ಲು ಗುಲಾಬಿ ಬಣ್ಣದ್ದು, ಬೊಂಬಾಯಿ ಮಿಠಾಯಿಯ ಗುಲಾಬಿ.

ಅತ್ತಿಗೆ ಹತ್ತಿರ ಬಂದು ಪಿಸುಗುಟ್ಟಿದಳು. "ಬಣ್ಣದ ಸುದ್ದಿ ಎತ್ತಬೇಡ. ನೀಲಿ ತಾ ಅಂದಿದ್ರು, ಅಂಗಡೀಲಿ ಇದೊಂದೇ ಇತ್ತು. ನೀಲಿ ಅಂತ್ಲೇ ಹೇಳೀನಿ."

ಅಣ್ಣ ಒಳಗಿನಿಂದ ಗೋಡೆ ಸವರಿಕೊಂಡು ಬಂದ. ತೆಳ್ಳಗಾಗಿದ್ದ. ನನ್ನ ಹೆಜ್ಜೆಯ ಸದ್ದಿಗೆ ಮುಖ ತಿರುಗಿಸಿ, ಹೇಗಿದ್ದೀಯ ಎಂದೂ ಕೇಳದೆ, "ಹತ್ತಿ ಕೂತ್ಕ. ಎತ್ರ ಸರಿಗೈತಾ ನೋಡು" ಎಂದ. ಹನ್ನೆರಡು ವರ್ಷದ ಮೇಲೆ ಅವನು ನನಗೆ ಆಡಿದ ಮೊದಲ ಮಾತು ಅದು. ಹತ್ತಿ ಕೂತೆ. ಎತ್ತರ ಸರಿಯಾಗಿತ್ತು. ನನ್ನ ಕಾಲಿನ ಉದ್ದ ಅವನಿಗೆ ನೆನಪಿತ್ತು.

"ಎಲ್ಲಿಗೆ ಹೋಗಾನ?" ಎಂದೆ.

"ಸಿದ್ದಾಪುರದ ಕಡೆ ಹೊಡಿ" ಎಂದ.

ಜೋಡಿ ಸೈಕಲ್ಲಿನ ಮೇಲೆ ಕೂತವರಿಗೆ ಮೌನ ಸಾಧ್ಯವಿಲ್ಲ ಎಂದು ಮೊದಲ ಫರ್ಲಾಂಗಿನಲ್ಲೇ ಗೊತ್ತಾಯಿತು. ಹಿಂದೆ ಕೂತವನಿಗೆ ಕಣ್ಣಿಲ್ಲದಿದ್ದರಂತೂ ಇಲ್ಲವೇ ಇಲ್ಲ. ಗುಂಡಿ ಬಂದರೆ ಹೇಳಬೇಕು, ತಿರುವಿದ್ದರೆ ಹೇಳಬೇಕು, ತುಳಿಯುವುದನ್ನು ನಿಲ್ಲಿಸುವ ಮೊದಲು ಹೇಳಬೇಕು, ಇಲ್ಲದಿದ್ದರೆ ಅವನ ಪಾದ ನನ್ನ ಪಾದವನ್ನು ಎಳೆದುಕೊಂಡು ಹೋಗುತ್ತದೆ. "ಗುಂಡಿ" ಎನ್ನುತ್ತಿದ್ದೆ. "ಹೂಂ" ಎನ್ನುತ್ತಿದ್ದ. "ಎಡಕ್ಕೆ." "ಹೂಂ." "ಏರು." ಆಗ ಹಿಂದಿನಿಂದ ಬಲವಾಗಿ ಒತ್ತು ಬೀಳುತ್ತಿತ್ತು. ಅರವತ್ತು ದಾಟಿದ ಅಣ್ಣ ನನಗಿಂತ ಚೆನ್ನಾಗಿ ತುಳಿಯುತ್ತಿದ್ದ.

ಊರಿನವರೆಲ್ಲ ನೋಡಿದರು. ಬೈಕಿನಲ್ಲಿ ಬಂದ ಇಬ್ಬರು ಹುಡುಗರು ಪಕ್ಕದಲ್ಲೇ ನಿಧಾನ ಮಾಡಿಕೊಂಡು ಫೋನಿನಲ್ಲಿ ವಿಡಿಯೊ ತೆಗೆದರು. ಕುರಿ ಹೊಡೆದುಕೊಂಡು ಬರುತ್ತಿದ್ದ ಅಜ್ಜನೊಬ್ಬ ಮಂದೆಯನ್ನು ಬದಿಗೆ ಒತ್ತಿ ದಾರಿ ಬಿಟ್ಟು, "ಇದೇಮಿ ಸೈಕಲ್ಲಪ್ಪಾ, ಇಂತ ಪೊಡುಗು" ಎಂದು ಅದರ ಉದ್ದಕ್ಕೆ ಬೆರಗಾದ. ನನ್ನ ಕಿವಿ ಬಿಸಿಯಾಯಿತು. ಐವತ್ತು ದಾಟಿದರೂ ಆ ಹಳೇ ನಾಚಿಕೆ ನನ್ನಲ್ಲಿ ಎಲ್ಲೂ ಹೋಗಿರಲಿಲ್ಲ.

ಬಯಲಿನಲ್ಲಿ ಎದುರು ಗಾಳಿ. ಶೇಂಗಾ ಕಿತ್ತ ಹೊಲಗಳು ಬೆಳ್ಳಗೆ ಬಿದ್ದಿದ್ದವು, ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಒಂದು ಕಡೆ ಅಣ್ಣ ತಾನಾಗಿಯೇ, "ಗುಡ್ಡ ಬಂತಾ?" ಎಂದ. ಹೌದು, ಬಂಡೆಗುಂಡುಗಳ ಗುಡ್ಡವೊಂದು ರಸ್ತೆಯ ಪಕ್ಕಕ್ಕೆ ಬಂದಿತ್ತು. ಹೇಗೆ ಗೊತ್ತಾಯಿತು ಎಂದು ಕೇಳಿದೆ. "ಗಾಳಿ ನಿಂತೋಯ್ತು" ಎಂದ.

ಗುಡ್ಡದ ನೆರಳಲ್ಲಿ ಹುಣಸೆಮರವಿತ್ತು. ಇಳಿದು ನೀರು ಕುಡಿದೆವು. ಅಣ್ಣ ಬಂಡೆಗೆ ಒರಗಿ ಕೂತು, "ಗಾದ್ರಿ ಮನೆ ಸಿದ್ದಾಪುರ ದಾಟಿದ ಮ್ಯಾಲೆ ಎಡಕ್ಕೆ. ಹೆಂಡ್ತಿ ಊರು" ಎಂದ.

"ಗಾದ್ರಪ್ಪ ಅಲ್ಲವ್ನಾ? ಅಂಗಡಿ ಯಾವಾಗ ಬಿಟ್ಟ?" ಎಂದೆ. ನಿಜವಾಗಿ ನನಗೆ ಗೊತ್ತಿರಲಿಲ್ಲ. ಅಂಗಡಿಯ ಕಡೆ ಹೋಗುವುದನ್ನೇ ಬಿಟ್ಟಿದ್ದವನಿಗೆ ಅಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದು ಹೇಗೆ ಗೊತ್ತಾಗಬೇಕು?

"ನೀನು ಬೀಗ ತಂದುಕೊಟ್ಟೆಲ್ಲ, ಅದರ ಮಾರನೇ ದಿನ."

ಅಣ್ಣ ಅವಸರವಿಲ್ಲದೆ ಹೇಳಿದ. "ಚಾವಿ ಹಾಕಿ ತೆಗ್ದಂಗೈತೆ ಅಂದೆ. ಚಾವಿ ಇದ್ದಿದ್ದು ಎರಡು. ಒಂದು ನಿನ್ ಹತ್ರ, ಒಂದು ಮೊಳೆ ಮ್ಯಾಲೆ. ಆ ಸೋಮವಾರ ಗಾದ್ರಿ ರಿಮ್ಮು ತರಾಕೆ ಚಳ್ಳಕೆರೆಗೆ ಹೋಗಿದ್ದ. ರಾತ್ರಿಯೆಲ್ಲ ಯೋಚ್ನೆ ಮಾಡಿ ಬೆಳಿಗ್ಗೆ ಕೇಳ್ದೆ. ಜಾಸ್ತಿ ಏನಿಲ್ಲ, ಒಂದೇ ಮಾತು. ಸೋಮವಾರ ಚಾವಿ ಎಲ್ಲಿತ್ತು ಗಾದ್ರಿ, ಅಂದೆ. ಅವನು ನನ್ನ ಮುಖ ನೋಡ್ದ. ಕೈ ಒರೆಸ್ಕಂಡ. ಸ್ಪ್ಯಾನರು ಜಾಗಕ್ಕಿಟ್ಟು ಹೋದ. ಆಮ್ಯಾಲೆ ಗುಜರಿಯೋನು ಪೈಪು ತಂದ. ನಂಗೆ ತಿಳೀತು. ಅವತ್ತೇ ಬಸ್ ಹತ್ತಿ ಅವನ ಮನೆಗೆ ಬಂದೆ. ನಾನು ಮುಂದಿನ ಬಾಗ್ಲಿಗೆ ಹೋದೆ, ಅವನು ಹಿತ್ಲು ಬಾಗ್ಲಿಂದ ಹೊಲಕ್ಕೆ ಹೋದ. ಇನ್ನೊಂದು ಸಲ ಬರಾಕೆ ಮುಖ ಇರ್ಲಿಲ್ಲ."

ಹನ್ನೆರಡು ವರ್ಷ ನಾನು ನನ್ನೊಳಗೆ ಗೆದ್ದುಕೊಂಡು ಬಂದ ವಾದ ಆ ಹುಣಸೆಮರದ ಕೆಳಗೆ ಸೋತಿತು. ಅಣ್ಣ ಒಂದು ಸೈಕಲ್ಲಿಗಾಗಿ ನನ್ನನ್ನು ಬಿಟ್ಟಿರಲಿಲ್ಲ. ನಾನು ಅಲಂಕಾರಕ್ಕೆಂದು ಸೇರಿಸಿದ ಒಂದು ವಾಕ್ಯ ಒಬ್ಬ ಮನುಷ್ಯನನ್ನು ಕಳ್ಳನನ್ನಾಗಿ ಮಾಡಿತ್ತು. ನಾನು ಅದನ್ನು ಮರೆತೂ ಬಿಟ್ಟಿದ್ದೆ.

"ಬಸ್ಸಿಗೇ ಬರಬೌದಿತ್ತಲ್ಲಣ್ಣ" ಎಂದೆ.

"ಬಸ್ಸಾಗಿದ್ರೆ ನೀನು ಅರ್ಧ ದಾರೀಲಿ ಇಳಿದು ಹೋಗ್ತಿದ್ದೆ. ಇದ್ರಾಗೆ ಆಗಾಕಿಲ್ಲ" ಎಂದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಹಾಸ್ಯವೂ ಇರಲಿಲ್ಲ. ಮತ್ತೆ ಹತ್ತಿದೆವು. ಒಂದಷ್ಟು ದೂರ ಹೋದ ಮೇಲೆ ಹಿಂದಿನಿಂದ ಕೇಳಿದ. "ಲೇ ತಿಪ್ಪೇಶಿ. ನೀಲಿ ಚೆನ್ನಾಗಿ ಕಾಣ್ತದಾ?"

ಚೆನ್ನಾಗಿ ಕಾಣ್ತದಣ್ಣ ಎನ್ನುವ ಮಾತು ನಾಲಗೆಯ ತುದಿಗೆ ಬಂತು. ಅತ್ತಿಗೆಯ ಮುಖವೂ ಕಣ್ಣ ಮುಂದೆ ಬಂತು. ಸ್ವಲ್ಪ ದೂರ ತುಳಿದೆ.

"ನೀಲಿ ಅಲ್ಲಣ್ಣ" ಎಂದೆ. "ಗುಲಾಬಿ."

ಪೆಡಲ್ಲಿನ ಮೇಲೆ ಅವನ ಒತ್ತು ನಿಂತಿತು. ಆಮೇಲೆ ಸೈಕಲ್ಲು ಅಲುಗಾಡತೊಡಗಿತು. ತಿರುಗಿ ನೋಡಿದರೆ ಅಣ್ಣ ನಗುತ್ತಿದ್ದ. "ಅದಕ್ಕೇ ಮೂರು ದಿನದಿಂದ ಹೆಣ್ಮಕ್ಳು ಬಂದು ಮುಟ್ಟಿ ಮುಟ್ಟಿ ಹೋಗ್ತಾವೆ" ಎಂದ. "ನಿಮ್ಮತ್ತಿಗೆಗೆ ನಂಗೆ ಗೊತ್ತಾಯ್ತು ಅಂತ ಹೇಳ್ಬೇಡ. ಪಾಪ, ನೀಲಿ ಹುಡುಕ್ಕಂಡು ಊರೆಲ್ಲಾ ಸುತ್ತಿರ್ತಾಳೆ."

ಗಾದ್ರಪ್ಪನ ಮನೆ ಊರಾಚೆ, ಸುತ್ತ ಕಳ್ಳಿಬೇಲಿ. ಅಂಗಳದಲ್ಲಿ ಅವನ ಹೆಂಡತಿ ಶೇಂಗಾ ಒಣಹಾಕುತ್ತಿದ್ದವಳು ನಮ್ಮನ್ನು ಕಂಡು, "ಎವರೋ ವಚ್ಚಿನಾರು ಚೂಡು" ಎಂದು, ಯಾರೋ ಬಂದಿರುವ ಸುದ್ದಿಯನ್ನು ತೆಲುಗಿನಲ್ಲಿ ಒಳಗೆ ಕೂಗಿದಳು. ಗಾದ್ರಪ್ಪ ಹೊರಬಂದ. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದ, ಅಣ್ಣನನ್ನು ನೋಡಿದ. ಹಿತ್ತಿಲ ಬಾಗಿಲಿಗೆ ಹೋಗುತ್ತಾನೇನೋ ಎಂದುಕೊಂಡೆ. ಹೋಗುತ್ತಿದ್ದನೇನೋ, ಸೈಕಲ್ಲು ಅಡ್ಡಬಂತು. ಅವನ ಕಣ್ಣು ಅದರ ಮೇಲೆ ಬಿದ್ದು ಅಲ್ಲೇ ನಿಂತಿತು. ನಿಧಾನವಾಗಿ ಬಂದ. ಮುಂದಿನ ಚೌಕಟ್ಟು ಹಿಂದಿನದನ್ನು ಸೇರುವ ಕಡೆ ಕುಕ್ಕರಗಾಲಲ್ಲಿ ಕೂತು, ಬೆಸುಗೆಯ ಮೇಲೆ ಹೆಬ್ಬೆರಳು ಎಳೆದ.

"ಇದು ನಿನ್ ಕೈ ಅಲ್ಲ" ಎಂದ.

"ಬಸ್ ಸ್ಟ್ಯಾಂಡ್ ಹತ್ರ ಒಬ್ಬ ಅವ್ನೆ, ಅವನ ಕೈಲಿ ಹಾಕಿಸ್ದೆ" ಎಂದ ಅಣ್ಣ, ಧ್ವನಿ ಬಂದ ದಿಕ್ಕಿಗಿಂತ ಸ್ವಲ್ಪ ಓರೆಗೆ ಮುಖ ಮಾಡಿ. "ಕಣ್ಣಿಲ್ಲ ಗಾದ್ರಿ."

ಗಾದ್ರಪ್ಪ ತಲೆಯೆತ್ತಿದ. ಎದ್ದು ಅಣ್ಣನ ಹತ್ತಿರಕ್ಕೆ ಹೋಗಿ ಮುಖವನ್ನೇ ನೋಡಿದ. ಕೈಯೆತ್ತಿ ಅವನ ಕಣ್ಣ ಮುಂದೆ ಒಮ್ಮೆ ಆಡಿಸಿದ. ಅಣ್ಣ ಕದಲಲಿಲ್ಲ. ಗಾದ್ರಪ್ಪನ ಕೈ ಹಾಗೇ ಕೆಳಗಿಳಿಯಿತು.

ಆಗ ನಾನು ಮಾತಾಡಬೇಕಿತ್ತು, ಮಾತಾಡಿದೆ. ಮೇಷ್ಟ್ರ ಚಾಳಿ ನೋಡಿ, ಪೀಠಿಕೆಯಿಂದ ಶುರುಮಾಡಿದೆ. ಮನುಷ್ಯ ಅಂದ ಮೇಲೆ ತಪ್ಪು ಸಹಜ, ಆ ಕಾಲಕ್ಕೆ ನನ್ನ ಪರಿಸ್ಥಿತಿ ಹಾಗಿತ್ತು, ಹೀಗೆ. ಗಾದ್ರಪ್ಪ ಒಂದೆರಡು ವಾಕ್ಯ ಕೇಳಿ, "ಏನು ಮಾಡಿದ್ರಿ ಅದನ್ನ ಹೇಳ್ರಿ ಮೇಷ್ಟ್ರೆ" ಎಂದ.

"ಸೈಕಲ್ ಕಳುವಾಗಿರ್ಲಿಲ್ಲ. ನಾನೇ ಗುಜರಿಗೆ ಹಾಕಿದ್ದೆ. ಎಲ್ಲರೂ ನಗ್ತಾರೆ ಅಂತ. ಬೀಗದ ಮಾತು ಸುಳ್ಳು" ಎಂದೆ. ಇಷ್ಟೇ. ನಾಲ್ಕು ವಾಕ್ಯ. ಹನ್ನೆರಡು ವರ್ಷದ ಹಿಂದೆ ಹೇಳಿದ್ದರೆ ಮೂರೇ ಸಾಕಾಗುತ್ತಿತ್ತು.

ಗಾದ್ರಪ್ಪನ ಹೆಂಡತಿ ಶೇಂಗಾ ಹರಡುವುದನ್ನು ನಿಲ್ಲಿಸಿ ನಿಂತಿದ್ದಳು.

"ಯಾರು ಕದ್ದಿರಬೌದು ಅಂತ ವರ್ಷಗಟ್ಲೆ ಯೋಚ್ನೆ ಮಾಡೀನಿ" ಎಂದ ಗಾದ್ರಪ್ಪ. "ಹೊಲದಾಗೆ ಕೆಲ್ಸ ಮಾಡ್ವಾಗ, ಉಣ್ಣುವಾಗ. ಮೊಳಕಾಲ್ಮೂರಿನ ಪ್ರತಿಯೊಬ್ಬನ್ನೂ ಒಂದೊಂದು ದಿನ ಕಳ್ಳ ಮಾಡೀನಿ. ನೀವು ಮಾತ್ರ ಲೆಕ್ಕಕ್ಕೆ ಬರ್ಲಿಲ್ಲ ನೋಡ್ರಿ. ಮೇಷ್ಟ್ರಲ್ವಾ."

"ತಪ್ಪಾಯ್ತು" ಎಂದೆ.

"ನಿಮಗೆ ಏನನ್ಬೇಕು ಅಂತ ನಂಗಿನ್ನೂ ಗೊತ್ತಾಗ್ತಿಲ್ಲ. ಸಿಟ್ಟು ಬರಾಕೂ ಒಂದಿಷ್ಟು ಹೊತ್ತು ಬೇಕು" ಎಂದು ಅಣ್ಣನ ಕಡೆ ತಿರುಗಿದ. "ನೀನು ಕೇಳ್ದೆಲ್ಲ ಬೋರಣ್ಣ. ಅದು ನಂಗೆ ನೋವಾಗಿದ್ದು. ಇವ್ರು ಸುಳ್ಳು ಹೇಳಿದ್ದಲ್ಲ. ನೀನು ಕೇಳಿದ್ದು."

"ಹೂಂ" ಎಂದ ಅಣ್ಣ. "ಅದನ್ನ ಹೇಳಾಕೇ ಬಂದೆ. ಕೇಳಬಾರದಿತ್ತು."

ಗಾದ್ರಪ್ಪ ಅವನ ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸಿದ. "ಬಗ್ಗು, ತೊಲೆ ಐತೆ" ಎಂದದ್ದು ಕೇಳಿಸಿತು. ನನ್ನನ್ನು ಒಳಗೆ ಕರೆದವಳು ಅವನ ಹೆಂಡತಿ.

ಮುದ್ದೆ, ಹುರುಳಿ ಸಾರು, ಶೇಂಗಾ ಚಟ್ನಿ. ಅಣ್ಣನ ತಟ್ಟೆಯಲ್ಲಿ ಯಾವುದು ಎಲ್ಲಿದೆ ಎಂದು ಗಾದ್ರಪ್ಪ ಅವನ ಬೆರಳು ಹಿಡಿದು ತೋರಿಸಿದ. ಉಂಡು ಕೈ ತೊಳೆದದ್ದೇ ಗಾದ್ರಪ್ಪ ಅಟ್ಟದಿಂದ ಒಂದು ಗೋಣಿಚೀಲ ಇಳಿಸಿದ. ಅದರಲ್ಲಿ ಅವನ ಹತಾರಗಳಿದ್ದವು. ಸೈಕಲ್ಲನ್ನು ತಲೆಕೆಳಗು ಮಾಡಿ, ಹಿಂದಿನ ಚೈನು ಸಡಿಲವಿದೆ ಎಂದು ಬಿಗಿದ. ಮುಂದಿನ ಬ್ರೇಕು ನೆಟ್ಟಗಿಲ್ಲ ಎಂದು ತಿದ್ದಿದ. ಅಣ್ಣ ಪಕ್ಕದಲ್ಲಿ ಕೂತು, ಕೇಳಿದ ಸ್ಪ್ಯಾನರನ್ನು ಚೀಲದೊಳಗೆ ಕೈಯಾಡಿಸಿ ಮುಟ್ಟಿ ನೋಡಿ ತೆಗೆದುಕೊಡುತ್ತಿದ್ದ. ಒಮ್ಮೆಯೂ ತಪ್ಪಲಿಲ್ಲ.

"ಕೂತ್ಕ, ನೋಡಾನ" ಎಂದ ಗಾದ್ರಪ್ಪ.

ಇಬ್ಬರೂ ಹತ್ತಿ ಊರೊಳಗೆ ಹೋದರು. ನಾಯಿಗಳು ಬೊಗಳಿದ ಸದ್ದಿನಿಂದಲೇ ಅವರು ಯಾವ ಬೀದಿಯಲ್ಲಿದ್ದಾರೆ ಎಂದು ತಿಳಿಯುತ್ತಿತ್ತು. ಒಂದು ಸುತ್ತು ಎಂದು ಹೋದವರು ಮೂರು ಸುತ್ತು ಹಾಕಿ ಬಂದರು. ಗಾದ್ರಪ್ಪ ಇಳಿಯಲಿಲ್ಲ. ಒಂದು ಕಾಲು ಊರಿ ನಿಂತು, "ಇವ್ನ ನಾನೇ ಮೊಳಕಾಲ್ಮೂರಿಗೆ ಬಿಡ್ತೀನಿ. ಆ ಬೆಸುಗೆ ಹಾಕಿದೋನ ಹತ್ರ ಒಂದು ಮಾತಾಡ್ಬೇಕು. ಹಿಂಗೇ ಬಿಟ್ರೆ ಮಳೆಗಾಲಕ್ಕೆ ಮುರೀತದೆ" ಎಂದ.

"ಮತ್ತೆ ನಾನು?" ಎಂದೆ.

"ಮೂರೂವರೆಗೆ ಬಸ್ಸೈತಲ್ಲ ಮೇಷ್ಟ್ರೆ."

ಅಣ್ಣನ ಕಡೆ ನೋಡಿದೆ. ಅವನು ಆಗಲೇ ಪೆಡಲ್ಲಿನ ಮೇಲೆ ಪಾದವಿಟ್ಟು ಸಿದ್ಧನಾಗಿದ್ದ. "ಮನೇಲಿ ಅತ್ತಿಗೆ ಕಾಫಿ ಮಾಡ್ತಾಳೆ, ಕುಡಿದು ಹೋಗು" ಎಂದ. ಹೊರಟರು.

ಬಸ್ಸು ನಾಲ್ಕಕ್ಕೆ ಬಂತು. ನನಗೆ ಕಿಟಕಿಯ ಪಕ್ಕದ ಸೀಟು ಸಿಗಲಿಲ್ಲ; ಅಲ್ಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡ ಹೆಂಗಸೊಬ್ಬಳು ಕೂತಿದ್ದಳು. ಬಹಳ ದೂರ ಬಂದ ಮೇಲೆ ಡ್ರೈವರು ಇದ್ದಕ್ಕಿದ್ದ ಹಾಗೆ ನಿಧಾನ ಮಾಡಿದ. ಬಸ್ಸಿನವರೆಲ್ಲ ಒಂದೇ ಕಡೆಗೆ ಬಾಗಿದರು. ನಾನೂ ಎದ್ದು ನಿಂತೆ. ಗುಲಾಬಿ ಸೈಕಲ್ಲು ರಸ್ತೆಯ ಎಡಬದಿಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಿತ್ತು. ಗಾದ್ರಪ್ಪ ಮುಂದಕ್ಕೆ ಬಾಗಿ ತುಳಿಯುತ್ತಿದ್ದ. ಹಿಂದೆ ಅಣ್ಣ ಮುಖವನ್ನು ಗಾಳಿಗೆ ಎತ್ತಿ ಹಿಡಿದು ಮಾತಾಡುತ್ತಿದ್ದ, ಎಡೆಬಿಡದೆ, ಒಂದು ಕೈಯನ್ನು ಹ್ಯಾಂಡಲ್ಲಿನಿಂದ ತೆಗೆದು ಯಾವುದೋ ಆಕಾರವನ್ನು ಗಾಳಿಯಲ್ಲಿ ತೋರಿಸುತ್ತಾ. ಗಾದ್ರಪ್ಪನಿಗೆ ಅದು ಕಾಣುವಂತಿರಲಿಲ್ಲ, ಆದರೂ ತಲೆಯಾಡಿಸುತ್ತಿದ್ದ. ಬಸ್ಸು ಅವರನ್ನು ದಾಟಿತು.

"ನಿಮಗೆ ಗೊತ್ತಾ ಅವ್ರು?" ಎಂದಳು ಆ ಹೆಂಗಸು, ನಾನಿನ್ನೂ ನಿಂತೇ ಇರುವುದನ್ನು ನೋಡಿ.

"ಹಿಂದೆ ಕೂತೋನು ನಮ್ಮಣ್ಣ" ಎಂದೆ.

"ಮುಂದಿನೋರು ತಮ್ಮ ಏನ್ರಿ?"

"ಅಲ್ಲಮ್ಮ" ಎಂದೆ. "ತಮ್ಮ ನಾನು."